ಅಪರಿಚಿತರನ್ನು ಪೋಣಿಸುವ ಕಸುಬು

ಒಬ್ಬ ನಾಯಕ, ಒಂದು ಕಥೆ ಎಂಬ ಕಟ್ಟನ್ನು ಬಿಟ್ಟು, ಗುರುತು ಪರಿಚಯವಿಲ್ಲದ ಹಲವರ ಬದುಕನ್ನು ಬಿಡಿಬಿಡಿಯಾಗಿ ತೋರಿಸುವ ಸಿನಿಮಾಗಳಿವೆ. ಬಸ್ಸು, ರೈಲು, ಟ್ರಾಮುಗಳು ಅವಕ್ಕೆ ಚೆನ್ನಾಗಿ ಒಗ್ಗುತ್ತವೆ. ಬಿಡಿ ಕಥೆಗಳನ್ನು ಯಾರು ಪೋಣಿಸಬೇಕು ಎಂಬುದೇ ಈ ಪ್ರಕಾರದ ಮೂಲ ಪ್ರಶ್ನೆ. ಗೋಕಾಕ ಸೀಮೆ ಇದಕ್ಕೆ ಸಿನಿಮಾ ಹುಟ್ಟುವ ಮೊದಲೇ ಉತ್ತರ ಕಂಡುಕೊಂಡಿತ್ತು.

ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು 19ನೇ ಶತಮಾನದಲ್ಲಿ ರಂಗಕ್ಕೆ ಒಗ್ಗುವಂತೆ ಬೆಳೆಸಿದವನು ಇಂದಿನ ಮೂಡಲಗಿ ತಾಲ್ಲೂಕಿನ ಕುಲಗೋಡ ತಮ್ಮಣ್ಣ. ಈ ಸಣ್ಣಾಟವನ್ನು ಮುಂದೆ ಮನೆಮಾತಾಗಿಸಿದವರಲ್ಲಿ ಕೌಜಲಗಿ ನಿಂಗಮ್ಮ ಪ್ರಮುಖರು. ಗೊಲ್ಲತಿ, ಕೊರವಂಜಿಯರ ಪ್ರಸಂಗಗಳು ಇಲ್ಲಿ ತಮ್ಮಷ್ಟಕ್ಕೆ ತಾವೇ ನಿಲ್ಲಬಲ್ಲವು. ಅವನ್ನು ಕೂಡಿಸುವವನು ಭಾಗವತ. ಬಂದ ಪಾತ್ರವನ್ನು ಮಾತಾಡಿಸುತ್ತಾನೆ, ಕೆಣಕುತ್ತಾನೆ, ಸತ್ಯಭಾಮೆಗೆ ದೂತಿಯೂ ಆಗುತ್ತಾನೆ. ಕಥೆಯ ಒಳಗೂ ಹೊರಗೂ ಇದ್ದು ಪ್ರೇಕ್ಷಕರ ಪರವಾಗಿ ಪ್ರಶ್ನೆ ಕೇಳುತ್ತಾನೆ.

ಕನ್ನಡ ಸಿನಿಮಾದಲ್ಲಿ ಬಿಡಿ ಕಥೆಗಳ ದೊಡ್ಡ ಪ್ರಯೋಗ 1976ರ ‘ಕಥಾಸಂಗಮ’. ಪುಟ್ಟಣ್ಣ ಕಣಗಾಲ್ ಗಿರಡ್ಡಿ ಗೋವಿಂದರಾಜ, ವೀಣಾ ಯಲಬುರ್ಗಿ, ಈಶ್ವರಚಂದ್ರ ಅವರ ಮೂರು ಕಥೆಗಳನ್ನು ಒಂದೇ ಚಿತ್ರದಲ್ಲಿ ಇಟ್ಟರು. ಬೆಂಗಳೂರಿನಲ್ಲಿ ಬಸ್ ಕಂಡಕ್ಟರ್ ಆಗಿದ್ದ ರಜನೀಕಾಂತ್ ಕನ್ನಡ ತೆರೆಗೆ ಬಂದದ್ದೂ ಇದರ ‘ಮುನಿತಾಯಿ’ ಭಾಗದಲ್ಲೇ. ಆದರೆ ಮೂರು ಕಥೆಗಳೂ ಬೇರೆ ಬೇರೆಯಾಗಿಯೇ ಉಳಿದವು. ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಊರನ್ನೇ ಸೂತ್ರವಾಗಿಸಿದರು. ಅರಸಾಳು ರೈಲು ನಿಲ್ದಾಣ ಮಾಲ್ಗುಡಿಯ ನಿಲ್ದಾಣವಾಯಿತು. 2014ರ ‘ಉಳಿದವರು ಕಂಡಂತೆ’ಯಲ್ಲಿ ರಕ್ಷಿತ್ ಶೆಟ್ಟಿ ಒಂದೇ ಘಟನೆಯ ಹಲವು ನೋಟಗಳನ್ನು ಪತ್ರಕರ್ತೆಯೊಬ್ಬಳ ಹುಡುಕಾಟದಿಂದ ಹೆಣೆದರು. 2019ರಲ್ಲಿ ಏಳು ನಿರ್ದೇಶಕರ ಏಳು ಕಥೆಗಳು ಮತ್ತೆ ‘ಕಥಾಸಂಗಮ’ ಎಂಬ ಹೆಸರಲ್ಲೇ ಬಂದವು.

ಹೊರಗೆ ಈ ಪ್ರಕಾರ ವಾಹನ ಏರಿತು. ಜಿಮ್ ಜಾರ್ಮುಶ್ 1991ರ ‘ನೈಟ್ ಆನ್ ಅರ್ಥ್’ನಲ್ಲಿ ಐದು ನಗರಗಳ ಟ್ಯಾಕ್ಸಿಗಳಲ್ಲಿ ಒಂದೇ ರಾತ್ರಿಯನ್ನು ತೋರಿಸಿದ. 2005ರ ‘ಟಿಕೆಟ್ಸ್’ನಲ್ಲಿ ಓಲ್ಮಿ, ಕಿಯಾರೊಸ್ತಮಿ, ಕೆನ್ ಲೋಚ್ ರೋಮ್‌ಗೆ ಹೊರಟ ರೈಲನ್ನು ಹಂಚಿಕೊಂಡರು. ನಮಗೆ ಹೆಚ್ಚು ಹತ್ತಿರವಾದದ್ದು ಫ್ರೆಂಚ್ ನಿರ್ದೇಶಕ ಝಾನ್-ಕ್ಲೋಡ್ ಗಿಗೆಯ 1999ರ ‘ಲೆ ಪಸಾಜೆ’, ಅಂದರೆ ‘ಪ್ರಯಾಣಿಕರು’. ಪ್ಯಾರಿಸ್‌ನ ಉತ್ತರ ಅಂಚಿನ ಟ್ರಾಮಿನಲ್ಲಿ ಹತ್ತಿ ಇಳಿಯುವವರ ಪ್ರೀತಿ, ಒಂಟಿತನ, ಕಾಯಿಲೆ, ಸಾವು ಅದರ ವಸ್ತು. ಪ್ರಯಾಣಿಕರಲ್ಲೊಬ್ಬಳಾದ ಹೆಂಗಸು, ನಟಿ ವೆರೊನಿಕ್ ಸಿಲ್ವೆರ್, ನೇರ ನಮ್ಮೊಡನೆ ಮಾತಾಡುತ್ತ ಅವರೆಲ್ಲರನ್ನೂ ಪರಿಚಯಿಸುತ್ತಾಳೆ. ಪಾರಿಜಾತ ನೋಡಿ ಬೆಳೆದವರಿಗೆ ಅವಳು ಭಾಗವತನ ಬಳಗದವಳೆಂದು ಕೂಡಲೇ ತಿಳಿಯುತ್ತದೆ.

ಅಪರಿಚಿತರನ್ನು ಒಂದು ಬಸ್ಸಿಗೆ ಹತ್ತಿಸಿದ ಮಾತ್ರಕ್ಕೆ ಸಿನಿಮಾ ಆಗುವುದಿಲ್ಲ. ಅವರ ಬಗ್ಗೆ ಕಾಳಜಿಯಿಂದ ವಿಚಾರಿಸುವ ಒಂದು ದನಿ ಬೇಕು. ಕನ್ನಡದ ಬಿಡಿ ಕಥೆಗಳ ಚಿತ್ರಗಳಲ್ಲಿ ಕಥೆಗಳಿಗೆ ಕೊರತೆಯಿಲ್ಲ. ಹೆಚ್ಚಿನವುಗಳಲ್ಲಿ ಈ ದನಿಯೇ ಇಲ್ಲ.

ವಸ್ತುವಂತೂ ಕಣ್ಣೆದುರಿಗೇ ಇದೆ. ವಾಯವ್ಯ ಸಾರಿಗೆಯ ಬಸ್ಸುಗಳು ಗೋಕಾಕ ಮತ್ತು ಸುತ್ತಲಿನ ತಾಲ್ಲೂಕುಗಳನ್ನು ದಿನವೂ ಹೆಣೆಯುತ್ತವೆ. ಗೋಕಾಕ ಫಾಲ್ಸಿನ ನೂಲಿನ ಗಿರಣಿಗೆ ಹೊರಟವರು, ಸಂಕೇಶ್ವರದ ಹಿರಣ್ಯಕೇಶಿ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಬಿಲ್ಲು ಕೇಳಲು ಹೊರಟ ರೈತ, ಘಟಪ್ರಭೆಯ ಆರೋಗ್ಯಧಾಮಕ್ಕೆ ರೋಗಿಯನ್ನು ಕರೆದೊಯ್ಯುವ ಮಗಳು, ಪಾಸ್ ಹಿಡಿದ ಕಾಲೇಜು ಹುಡುಗರು ಒಂದೇ ಸೀಟಿನಲ್ಲಿ ಒತ್ತಿಕೊಂಡು ಕೂರುತ್ತಾರೆ. ಕನ್ನಡದ ಮಾತು ನಡುವೆಯೇ ಮರಾಠಿಗೆ ಹೊರಳುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ, ಟಿಕೆಟ್ಟಿನ ದುಡ್ಡಿಗೆ ಮನೆಯವರ ಮುಂದೆ ಕೈಚಾಚಬೇಕಿದ್ದ ಹೆಂಗಸರೂ ತಾವಾಗಿಯೇ ಹೊರಡಬಲ್ಲರು. ತವರಿಗೆ, ದೇವರಿಗೆ, ಕೆಲಸಕ್ಕೆ ಹೊರಟ ಇವರ ಕಥೆಗಳು ತೆರೆಗೆ ಬರಬೇಕು.

ಹಾಗಾಗಿ ಬೆಳಗಾವಿ ಜಿಲ್ಲೆಯ ಹೊಸ ನಿರ್ದೇಶಕರು ಫ್ರೆಂಚ್ ಚಿತ್ರವನ್ನು ಖಂಡಿತ ನೋಡಲಿ. ಜೊತೆಗೆ ಇನ್ನೂ ಆಡುತ್ತಿರುವ ಪಾರಿಜಾತ ಮೇಳಗಳ ಭಾಗವತರ ಮುಂದೆ ಕೂತು, ಬಂದವರನ್ನು ಮಾತಾಡಿಸುವ ಕಲೆ ಕಲಿಯಲಿ. ಈ ಪ್ರಕಾರದ ಒಳ್ಳೆಯ ಕನ್ನಡ ಚಿತ್ರ ಹುಟ್ಟಲು ಎರಡೂ ಬೇಕು. ಎರಡನೆಯದನ್ನು ಕಲಿಸಲು ಬೇರೆ ದೇಶದಲ್ಲಿ ಯಾರೂ ಇಲ್ಲ.