ಆಯಿಲ್ ಇಂಜಿನ್ನಿನ ಹ್ಯಾಂಡಲ್

2022ರ ಸೆಪ್ಟೆಂಬರ್ 2ರಂದು ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿತ್ತು. ನಮ್ಮ ಕಡೆಯವರು ಮಾರಿಕಣಿವೆ ಎಂದೇ ಕರೆಯುವ ಈ ಜಲಾಶಯ ಅದಕ್ಕೆ ಮೊದಲು ಕೋಡಿ ಹರಿದದ್ದು 1933ರಲ್ಲಿ. ಎಂಬತ್ತೊಂಬತ್ತು ವರ್ಷದ ಮೇಲೆ ನಡೆದ ಈ ಸಂಗತಿಯನ್ನು ನೋಡಲು ಊರಿಗೆ ಊರೇ ಟ್ರ್ಯಾಕ್ಟರ್ ಹತ್ತಿತು. ನಾನೂ ಹೋಗಿ ಬಂದೆ. ಸಂಜೆ ತೋಟದ ಕಡೆ ನಡೆದಾಗ ಅದಕ್ಕಿಂತ ದೊಡ್ಡ ಅಚ್ಚರಿ ಕಾದಿತ್ತು. ಮುಳ್ಳುಜಾಲಿ ಬೆಳೆದು, ಊರಿನ ಕಸವೆಲ್ಲ ಸೇರಿದ್ದ ನಮ್ಮ ತೆರೆದ ಬಾವಿಯಲ್ಲಿ ನೀರು ನಿಂತಿತ್ತು. ಹಗ್ಗ ಬಿಟ್ಟು ಅಳೆದೆ. ದಡದಿಂದ ಹದಿನೈದು ಅಡಿಗೇ ನೀರು.

ಆ ಹದಿನೈದು ಅಡಿ ಎಂಬ ಲೆಕ್ಕವೇ ನನ್ನನ್ನು ಪಕ್ಕದ ತಗಡಿನ ಶೆಡ್ಡಿಗೆ ಕರೆದೊಯ್ದಿತು. ಅಲ್ಲಿ ಸುಮಾರು ಇಪ್ಪತ್ತೈದು ವರ್ಷದಿಂದ ಒಂದು ಆಯಿಲ್ ಇಂಜಿನ್ ತಣ್ಣಗೆ ಕೂತಿತ್ತು.

ನಮ್ಮ ಹಳ್ಳಿಗಳಲ್ಲಿ ಯಾರೂ ಅದನ್ನು ಡೀಸೆಲ್ ಇಂಜಿನ್ ಎನ್ನುವುದಿಲ್ಲ. ಆದರೆ ಡೀಸೆಲ್ ಎನ್ನುವುದು ಎಣ್ಣೆಯ ಹೆಸರಾಗುವ ಮೊದಲು ಒಬ್ಬ ಮನುಷ್ಯನ ಹೆಸರಾಗಿತ್ತು. 1858ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ರುಡಾಲ್ಫ್ ಡೀಸೆಲ್ ಜರ್ಮನ್ ತಂದೆತಾಯಿಯ ಮಗ. ಕಲ್ಲಿದ್ದಲಿನ ಶಾಖದ ಬಹುಪಾಲನ್ನು ಚಿಮಣಿಗೆ ಸುರಿಯುತ್ತಿದ್ದ ಉಗಿಯಂತ್ರಗಳನ್ನು ಕಂಡು ಅವನಿಗೆ ಸಂಕಟವಾಗಿತ್ತು. ಗಾಳಿಯನ್ನು ಬಲವಾಗಿ ಒತ್ತಿದರೆ ಅದು ತಾನೇ ಕಾಯುತ್ತದೆ, ಆ ಕಾವಿನಲ್ಲೇ ಇಂಧನ ಹೊತ್ತಿಕೊಳ್ಳಬೇಕು, ಕಿಡಿ ಬೇಡ ಎನ್ನುವುದು ಅವನ ಯೋಚನೆ. 1897ರಲ್ಲಿ ಆಗ್ಸ್‌ಬರ್ಗ್‌ನಲ್ಲಿ ಪರೀಕ್ಷಿಸಿದಾಗ ಅವನ ಇಂಜಿನ್ ಇಂಧನದ ಶಾಖದಲ್ಲಿ ನಾಲ್ಕನೇ ಒಂದು ಭಾಗಕ್ಕಿಂತ ಹೆಚ್ಚನ್ನು ಕೆಲಸವಾಗಿ ಮಾರ್ಪಡಿಸಿತು. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಅವನ ಮಾದರಿಯ ಒಂದು ಸಣ್ಣ ಇಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತು. ಕಡಲೆಕಾಯಿ ಬೆಳೆಯುವ ಸೀಮೆಯವನಾದ ನನಗೆ ಇದನ್ನು ಓದಿದ ದಿನ ತುಂಬ ಸಂತೋಷವಾಗಿತ್ತು. 1913ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿಗೆ ಹೊರಟ ಹಡಗಿನಿಂದ ಡೀಸೆಲ್ ಕಾಣೆಯಾದ. ಶವ ಮಾತ್ರ ಸಮುದ್ರದಲ್ಲಿ ಸಿಕ್ಕಿತು.

ಅವನ ಕಾಲದ ಇಂಜಿನ್‌ಗಳು ಕಾರ್ಖಾನೆಗೆ, ಹಡಗಿಗೆ ಒಗ್ಗುವಂಥವು. ಎಣ್ಣೆಯನ್ನು ಒಳಗೆ ಊದಲು ಬೇರೆಯದೇ ಒಂದು ಗಾಳಿ ಕಂಪ್ರೆಸರ್ ಬೇಕಾಗುತ್ತಿತ್ತು. 1927ರಲ್ಲಿ ಬಾಷ್ ಕಂಪನಿ ಎಣ್ಣೆಯನ್ನು ನೇರವಾಗಿ ಒತ್ತಿ ಚಿಮ್ಮಿಸುವ ಪುಟ್ಟ ಪಂಪುಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸತೊಡಗಿದ ಮೇಲೆ ಸಣ್ಣ ಡೀಸೆಲ್ ಇಂಜಿನ್‌ಗಳಿಗೆ ದಾರಿ ಸುಗಮವಾಯಿತು. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನ ಲಿಸ್ಟರ್ ಕಂಪನಿ 1930ರ ಸುಮಾರಿಗೆ ಒಂದೇ ಸಿಲಿಂಡರಿನ, ಎರಡು ಭಾರಿ ಫ್ಲೈವೀಲುಗಳ, ನಿಧಾನ ಓಟದ ಇಂಜಿನ್ನೊಂದನ್ನು ಹೊರತಂದಿತು. ಅದು ಗಟ್ಟಿಮುಟ್ಟು, ಒರಟು. ಸ್ಪ್ಯಾನರ್ ಹಿಡಿಯಬಲ್ಲ ಯಾರು ಬೇಕಾದರೂ ಬಿಚ್ಚಿ ಜೋಡಿಸಬಹುದಿತ್ತು. ಗುಜರಾತಿನ ರಾಜಕೋಟೆಯ ಎರಕದ ಮನೆಗಳು ಅದೇ ಅಚ್ಚಿನ ಇಂಜಿನ್‌ಗಳನ್ನು ಮಾಡಿ ದೇಶಕ್ಕೆಲ್ಲ ಕಳಿಸಿದವು. ನಮ್ಮದೂ ರಾಜಕೋಟೆಯದೇ. ಆರು ಎಚ್‌ಪಿ, ನಿಮಿಷಕ್ಕೆ 650 ಸುತ್ತು.

ಇದರಲ್ಲಿ ಕನ್ನಡ ನೆಲದ ಪಾಲೂ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯಿಂದ ಶುರುಮಾಡಿ, ಕಬ್ಬಿಣದ ನೇಗಿಲು, ಮೇವು ಕತ್ತರಿಸುವ ಯಂತ್ರ ಮಾಡಿ, 1910ರಲ್ಲಿ ಔಂಧ್ ಸಂಸ್ಥಾನದ ಬರಡು ನೆಲದಲ್ಲಿ ಕಿರ್ಲೋಸ್ಕರ್‌ವಾಡಿ ಕಟ್ಟಿದವರು. ಆ ಮನೆತನ 1946ರಲ್ಲಿ ಪುಣೆಯಲ್ಲಿ ಡೀಸೆಲ್ ಇಂಜಿನ್ನಿಗೆಂದೇ ಕಂಪನಿ ತೆರೆಯಿತು. ಸಾವಿರಾರು ರೈತರ ಬಾವಿಗಳಲ್ಲಿ ಎತ್ತಿನ ಕಪಿಲೆ ನಿಂತು ಹೋಗಿ ಇಂಜಿನ್ ಕೂತದ್ದು ಹೀಗೆ.

ನಮ್ಮ ಮನೆಗೆ ಅದು ಬಂದದ್ದು 1970ರ ದಶಕದ ಮೊದಲಲ್ಲಿ, ಪಿ.ಎಲ್.ಡಿ. ಬ್ಯಾಂಕಿನ ಸಾಲದಲ್ಲಿ. ಅಪ್ಪ ಮತ್ತು ದೊಡ್ಡಪ್ಪ ಆಗ ಒಟ್ಟಿಗಿದ್ದರು. ಆಮೇಲೆ ಪಾಲಾದಾಗ ಹೊಲ, ಮನೆ, ದನ ಎಲ್ಲವೂ ಎರಡಾದವು. ಬಾವಿ ಮತ್ತು ಇಂಜಿನ್ ಮಾತ್ರ ಪಾಲುಪತ್ರದಲ್ಲಿ ಜಂಟಿಯಾಗಿ ಉಳಿದವು. ದಿನ ಬಿಟ್ಟು ದಿನ ಸರದಿ. ಹ್ಯಾಂಡಲ್ ಯಾರ ಮನೆಯಲ್ಲಿದೆಯೋ ಅವತ್ತು ನೀರು ಅವರದ್ದು.

ಈ ಇಂಜಿನ್ನಿಗೆ ಜೋಡಿಸಿದ ಪಂಪಿಗೆ ಒಂದು ಮಿತಿ ಇದೆ. ಪಂಪು ನೀರನ್ನು ಎಳೆಯುತ್ತದೆ ಎಂದು ನಾವು ಹೇಳುತ್ತೇವೆ. ನಿಜದಲ್ಲಿ ಪಂಪು ಪೈಪಿನೊಳಗಿನ ಗಾಳಿಯನ್ನು ತೆಗೆಯುತ್ತದೆ ಅಷ್ಟೆ, ನೀರನ್ನು ಮೇಲಕ್ಕೆ ತಳ್ಳುವುದು ಬಾವಿಯ ಮೇಲೆ ಕೂತಿರುವ ವಾತಾವರಣದ ಭಾರ. ಗೆಲಿಲಿಯೋನ ಶಿಷ್ಯ ಟಾರಿಸೆಲ್ಲಿ 1643ರಲ್ಲಿ ಪಾದರಸದ ಕೊಳವೆಯಿಂದ ತೋರಿಸಿದ್ದು ಇದನ್ನೇ. ಲೆಕ್ಕದ ಪ್ರಕಾರ ಸುಮಾರು ಮೂವತ್ತನಾಲ್ಕು ಅಡಿ, ಬಳಕೆಯಲ್ಲಿ ಇಪ್ಪತ್ತು ಇಪ್ಪತ್ತೆರಡು ಅಡಿ. ಅದಕ್ಕಿಂತ ಆಳದ ನೀರು ಎಷ್ಟು ದೊಡ್ಡ ಇಂಜಿನ್ ಇಟ್ಟರೂ ಏರುವುದಿಲ್ಲ.

ನೀರು ಕೆಳಗಿಳಿದಂತೆ ಜನ ಇಂಜಿನ್ನನ್ನೇ ಕೆಳಗಿಳಿಸಿದರು. ನಮ್ಮ ಬಾವಿಯಲ್ಲೂ ಇಪ್ಪತ್ತೈದು ಅಡಿಯಲ್ಲಿ ಕಲ್ಲು ಹಾಸಿ ಕಟ್ಟೆ ಮಾಡಿ, ಹತ್ತು ಜನ ಸೇರಿ ಚೈನ್ ಪುಲ್ಲಿಯಲ್ಲಿ ಅದನ್ನು ಇಳಿಸಿದ್ದು ನನಗೆ ನೆನಪಿದೆ. ಹೊಗೆ ಪೈಪನ್ನು ದಡದವರೆಗೆ ಏರಿಸಿದ್ದರು. ಒಂದು ದಿನ ಆ ಪೈಪಿನ ಜೋಡಣೆ ಬಿಟ್ಟು ಹೊಗೆಯೆಲ್ಲ ಬಾವಿಯೊಳಗೇ ತುಂಬಿತು. ಕೆಳಗಿದ್ದ ಅಪ್ಪ ತಲೆ ಸುತ್ತಿ ಬಿದ್ದರು. ದೊಡ್ಡಪ್ಪ ಮೂಗಿಗೆ ಒದ್ದೆ ಟವೆಲು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು, ತಮ್ಮನನ್ನು ಹೆಗಲ ಮೇಲೆ ಹಾಕಿಕೊಂಡು ಮೇಲೆ ತಂದರು. ಅವರಿಬ್ಬರೂ ಬದುಕಿದ್ದು ಪುಣ್ಯ.

ಅದಾದ ಮೇಲೆ ಅಪ್ಪ ಬಾವಿಗಿಳಿಯಲಿಲ್ಲ. 1990ರ ದಶಕದಲ್ಲಿ ತಮ್ಮ ಪಾಲಿನ ಹೊಲದಲ್ಲಿ, ಬಾವಿಯಿಂದ ಕೂಗಳತೆ ದೂರದಲ್ಲಿ, ಬೋರ್‌ವೆಲ್ ಕೊರೆಸಿದರು. ಬೋರಿನ ತಳಕ್ಕೆ ಇಳಿಸುವ ಸಬ್‌ಮರ್ಸಿಬಲ್ ಮೋಟಾರು ನೀರನ್ನು ಕೆಳಗಿನಿಂದ ತಳ್ಳುತ್ತದೆ. ಅದಕ್ಕೆ ಇಪ್ಪತ್ತೆರಡು ಅಡಿಯ ಹಂಗಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತವಾದ ಮೇಲೆ ಡೀಸೆಲ್ಲಿಗೆ ದುಡ್ಡು ಕೊಡುವವರೂ ಉಳಿಯಲಿಲ್ಲ. ಎರಡೇ ಬೇಸಿಗೆಗೆ ಬಾವಿಯ ಒರತೆ ನಿಂತಿತು. ದೊಡ್ಡಪ್ಪನ ತೆಂಗು ಒಂದೊಂದಾಗಿ ಸುಳಿ ಒಣಗಿದವು. ಅವರು ಜಗಳವಾಡಲಿಲ್ಲ. ಇಂಜಿನ್ನನ್ನು ಮೇಲೆತ್ತಿಸಿ ಶೆಡ್ಡಿಗೆ ಹಾಕಿಸಿದರು, ಹ್ಯಾಂಡಲ್ ತಮ್ಮ ಮನೆಗೆ ಒಯ್ದರು, ನಮ್ಮ ಅಂಗಳಕ್ಕೆ ಬರುವುದನ್ನು ಬಿಟ್ಟರು. ಅಪ್ಪ ತೀರಿಕೊಂಡಾಗ ಬಂದು ಮಣ್ಣು ಹಾಕಿ ಹೋದರು. ಜಂಟಿ ಸ್ವತ್ತು ಆದ್ದರಿಂದ ಗುಜರಿಯವನಿಗೂ ಅದನ್ನು ಯಾರೂ ಕೊಡಲಾಗಲಿಲ್ಲ. ಇಂಜಿನ್ ಉಳಿದದ್ದು ಆ ಮುನಿಸಿನಿಂದಲೇ.

ಈಗ ನೀರು ಹದಿನೈದು ಅಡಿಗೆ ಬಂದಿತ್ತು. ಇಂಜಿನ್ನನ್ನು ದಡದ ಮೇಲೇ ಇಟ್ಟು ಓಡಿಸಬಹುದಿತ್ತು.

ಹಿರಿಯೂರಿನಿಂದ ಒಬ್ಬ ಹಳೆಯ ಮೆಕ್ಯಾನಿಕ್ಕನ್ನು ಕರೆತಂದೆ. ಅವರು ಮೊದಲು ಮಾಡಿದ್ದು ಫ್ಲೈವೀಲನ್ನು ಕೈಯಲ್ಲಿ ಅಲುಗಿಸಿ ನೋಡುವುದು. ಕದಲಲಿಲ್ಲ. ನಾನು ಹಾರೆ ತಂದೆ. “ಹಾರೆ ಹಾಕಿದ್ರೆ ರಿಂಗ್ ಮುರೀತವೆ ಸಾರ್. ತುಕ್ಕಿಗೆ ಟೈಮ್ ಕೊಡ್ಬೇಕು” ಎಂದರು. ನಾಜಲ್ ಬಿಚ್ಚಿ, ಆ ತೂತಿನಿಂದ ಸಿಲಿಂಡರಿಗೆ ಸೀಮೆಎಣ್ಣೆ, ಇಂಜಿನ್ ಆಯಿಲ್ ಬೆರೆಸಿ ಸುರಿದು ಹೊರಟುಹೋದರು. ದಿನಾ ಬೆಳಗ್ಗೆ ಸಂಜೆ ಫ್ಲೈವೀಲನ್ನು ಹಿಂದಕ್ಕೂ ಮುಂದಕ್ಕೂ ಒತ್ತುವುದು ನನ್ನ ಕೆಲಸ. ಒಂಬತ್ತನೇ ದಿನ ಅದು ಒಂದು ಬೆರಳಿನಷ್ಟು ಜರುಗಿತು.

ಉಳಿದದ್ದು ತಾಳ್ಮೆಯ ಕೆಲಸ. ತಳದ ಹಳೆ ಆಯಿಲ್ ತೆಗೆದಾಗ ಮೊದಲು ಬಂದದ್ದು ನೀರು, ಆಮೇಲೆ ಕರಿ ಕೆಸರು. ಸೈಲೆನ್ಸರಿನಲ್ಲಿ ಇಲಿ ಗೂಡು. ಟ್ಯಾಂಕಿನ ಡೀಸೆಲ್ ಬೆಲ್ಲದ ಪಾಕದಂತೆ ಅಂಟಿಕೊಂಡಿತ್ತು. ಹಿಡಿದುಕೊಂಡಿದ್ದ ವಾಲ್ವುಗಳನ್ನು ಸೀಮೆಎಣ್ಣೆ ಬಿಟ್ಟು ಮೆಲ್ಲಗೆ ತಟ್ಟಿ ಸಡಿಲಿಸಿದೆವು. ನಾಜಲನ್ನು ಪೇಟೆಯಲ್ಲಿ ಪಂಪು ಕೆಲಸದವರ ಹತ್ತಿರ ಒತ್ತಡ ಕೊಟ್ಟು ನೋಡಿದರೆ ಎಣ್ಣೆ ತೊಟ್ಟಿಕ್ಕುತ್ತಿತ್ತು. ಅದು ಮಂಜಿನಂತೆ ಸಿಡಿಯಬೇಕು. ಹನಿಯಾಗಿ ಬಿದ್ದರೆ ಹೊತ್ತುವುದಿಲ್ಲ. ಹೊಸ ನಾಜಲ್ ಹಾಕಿಸಿದೆವು. ಕೊನೆಗೆ ಡೀಸೆಲ್ ಪೈಪಿನ ನಟ್ಟು ಸಡಿಲಿಸಿ, ಗುಳ್ಳೆ ನಿಂತು ಬರೀ ಎಣ್ಣೆ ಬರುವ ತನಕ ಏರ್ ತೆಗೆದೆವು. ಒಂದು ಗುಳ್ಳೆ ಉಳಿದರೂ ಪಂಪಿನ ಒತ್ತಡವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲೇ ಮುಗಿಯುತ್ತದೆ.

ಎಲ್ಲ ಆಯಿತು. “ಹ್ಯಾಂಡಲ್ ಎಲ್ಲಿ?” ಎಂದು ಮೆಕ್ಯಾನಿಕ್ ಕೇಳಿದರು. ಬೇರೆಯದೊಂದನ್ನು ಪೇಟೆಯಿಂದ ತರಬಹುದಿತ್ತು, ಅವರೇ ಹಾಗೆಂದರು. ನಾನು ದೊಡ್ಡಪ್ಪನ ಮನೆಗೆ ಹೋದೆ.

ಎಂಬತ್ತು ದಾಟಿದ ದೊಡ್ಡಪ್ಪ ಜಗಲಿಯ ಮೇಲೆ ಕೂತಿದ್ದರು. ವಿಷಯ ಹೇಳಿದೆ. ಬಹಳ ಹೊತ್ತು ಮಾತಾಡಲಿಲ್ಲ.

“ನಿಮ್ಮಪ್ಪ ಕೇಳಾಕೆ ಬರ್ತಾನೆ ಅನ್ಕಂಡಿದ್ದೆ” ಎಂದರು.

“ಅಪ್ಪನಿಗೆ ಬಾವಿ ಅಂದ್ರೆ ಭಯ ಆಗಿತ್ತು ದೊಡ್ಡಪ್ಪ. ಬೋರು ಹಾಕ್ಸಿದ್ದೂ ಅದಕ್ಕೇ.”

“ನಂಗೊತ್ತಿಲ್ವೇನೋ? ಎತ್ತಿ ತಂದೋನೇ ನಾನು. ಅಣ್ಣ, ನಿನ್ ಗಿಡಕ್ಕೂ ಬೋರಿನ್ ನೀರು ಬಿಡ್ತೀನಿ ಅಂತ ಒಂದ್ ಮಾತು ಅಂದಿದ್ರೆ ಸಾಕಾಗಿತ್ತು.”

ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಆ ಬೋರಿನ ನೀರಿನಲ್ಲೇ ನಾನು ಓದಿದ್ದು. ಅವರು ಒಳಗೆ ಹೋಗಿ ಗೋಣಿತಾಟಿನಲ್ಲಿ ಸುತ್ತಿದ್ದ ಹ್ಯಾಂಡಲ್ ತಂದರು. ಬಿಚ್ಚಿದರೆ ಒಂದು ಚೂರೂ ತುಕ್ಕಿಲ್ಲ. ಹರಳೆಣ್ಣೆ ಸವರಿ ಇಟ್ಟಿದ್ದರು.

ಮರುದಿನ ತಾವೇ ಕೋಲೂರಿಕೊಂಡು ಬಾವಿಯ ಹತ್ತಿರ ಬಂದರು. ಪಂಪಿಗೆ ಸಗಣಿ ನೀರು ಹುಯ್ಯಲು ಹೇಳಿದರು. ಫುಟ್‌ವಾಲ್ವಿನ ಸಣ್ಣ ಸೋರಿಕೆಗೆ ಅದು ಮೆತ್ತಿಕೊಳ್ಳುತ್ತದೆ. ಮೆಕ್ಯಾನಿಕ್ ಮೊದಲು ಎಣ್ಣೆ ನಿಲ್ಲಿಸಿ, ಎಕ್ಸಾಸ್ಟ್ ವಾಲ್ವು ಎತ್ತಿಹಿಡಿದು, ಸಿಲಿಂಡರಿಗೆ ಸುರಿದಿದ್ದ ಆಯಿಲೆಲ್ಲ ಹೊರಬರುವಂತೆ ತಿರುಗಿಸಿದರು. ಅದು ಒಳಗುಳಿದು ಹೊತ್ತಿಕೊಂಡರೆ ಇಂಜಿನ್ ಹಿಡಿತಕ್ಕೆ ಸಿಗದೆ ಓಡುತ್ತದೆ. ಗಾಳಿಯ ಬಾಯಿ ಮುಚ್ಚಲು ಒಂದು ಹಲಗೆಯನ್ನೂ ಪಕ್ಕದಲ್ಲಿಟ್ಟುಕೊಂಡಿದ್ದರು. ಆಮೇಲೆ ಹ್ಯಾಂಡಲ್ ನನ್ನ ಕೈಗೆ ಬಂತು.

“ಹೆಬ್ಬೆರಳು ಸುತ್ತಬ್ಯಾಡ, ಬೆರಳಿನ ಜತೇಗೇ ಇಟ್ಕೋ” ಎಂದು ದೊಡ್ಡಪ್ಪ ಕೂಗಿದರು. ಇಂಜಿನ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಮುರಿಯುತ್ತದೆ.

ತಿರುಗಿಸಿದೆ. ಫ್ಲೈವೀಲು ವೇಗ ಹಿಡಿಯಿತು, ಮೆಕ್ಯಾನಿಕ್ ಲಿವರ್ ಬಿಟ್ಟರು, ಒಂದು ಸಲ ಕೆಮ್ಮಿ ನಿಂತಿತು. ಎರಡನೇ ಸಲವೂ ಹಾಗೆಯೇ. ನಾಲ್ಕನೇ ಸಲಕ್ಕೆ ಬಿಳಿ ಹೊಗೆ ಉಗುಳಿ, ಆಮೇಲೆ ನೀಲಿ ಹೊಗೆಯಾಗಿ, ನಿಧಾನಕ್ಕೆ ತಿಳಿಯಾಗಿ ಡುಗ್ ಡುಗ್ ಡುಗ್ ಎಂದು ಶ್ರುತಿ ಹಿಡಿಯಿತು. ಎರಡು ಸುತ್ತಿಗೆ ಒಂದು ಹೊಡೆತ. ಪೈಪು ಗೊರಗುಟ್ಟಿ, ಕೆಂಪು ನೀರು, ಆಮೇಲೆ ಬಿಳಿ ನೀರು ತೊಟ್ಟಿಗೆ ಬಿತ್ತು. ದೊಡ್ಡಪ್ಪ ಗುದ್ದಲಿ ಕೇಳಿದರು. ಮೊದಲ ಮಡೆಯನ್ನು ಅವರ ಹೊಲದ ಕಡೆಗೇ ತಿರುಗಿಸಿದೆವು. ತೆಂಗು ಇರಲಿಲ್ಲ, ಒಂದಿಷ್ಟು ಹೂವಿನ ಗಿಡಗಳಿದ್ದವು.

ಒಂದೂಕಾಲು ವರ್ಷ ಸರದಿಯ ಮೇಲೆ ನೀರು ಹಾಯಿಸಿದೆವು. 2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಘೋಷಿಸಿತು. ಸುತ್ತಲಿನ ಬೋರುಗಳು ಹಗಲೂ ರಾತ್ರಿ ಓಡಿದವು, ನಮ್ಮದೂ ಓಡಿತು. ಮಾಗಿಯ ಚಳಿಯ ಒಂದು ಬೆಳಗ್ಗೆ ಪಂಪು ಗಾಳಿ ಎಳೆಯತೊಡಗಿತು. ಹಗ್ಗ ಬಿಟ್ಟು ನೋಡಿದರೆ ಇಪ್ಪತ್ಮೂರು ಅಡಿ. ಇಂಜಿನ್ನನ್ನು ಮತ್ತೆ ಬಾವಿಗೆ ಇಳಿಸೋಣವೇ ಎಂದು ಯಾರೋ ಕೇಳಿದರು. ದೊಡ್ಡಪ್ಪ ಬೇಡವೆಂದರು.

ಈ ಸಲ ಡೀಸೆಲ್ ಬಸಿದು, ಸಿಲಿಂಡರಿಗೆ ಒಂದಿಷ್ಟು ಆಯಿಲ್ ಬಿಟ್ಟು, ಸೈಲೆನ್ಸರಿನ ಬಾಯಿಗೆ ಡಬ್ಬಿ ಮುಚ್ಚಿ ನಿಲ್ಲಿಸಿದ್ದೇವೆ. ವಾರಕ್ಕೊಮ್ಮೆ ಫ್ಲೈವೀಲನ್ನು ಎರಡು ಸುತ್ತು ತಿರುಗಿಸುತ್ತೇನೆ. ಹ್ಯಾಂಡಲ್ ಶೆಡ್ಡಿನ ಗೂಟಕ್ಕೇ ತೂಗುತ್ತಿರುತ್ತದೆ. ನಮ್ಮ ಬೋರಿನಿಂದ ದೊಡ್ಡಪ್ಪನ ಹೊಲಕ್ಕೆ ಒಂದು ಪೈಪು ಎಳೆದಿದ್ದೇನೆ. ಇಪ್ಪತ್ತೈದು ವರ್ಷ ತಡವಾಗಿ.