ಎರ್ದೆ, ಎದೆ, ಹೃದಯ: ಒಂದು ಶಬ್ದಕುಲದ ಚರಿತ್ರೆ

ಹೃದಯ, ಎದೆ, ಗುಂಡಿಗೆ, ಕರುಳು, ಮನ, ಬಗೆ, ಅಂತಃಕರಣ - ಇವೆಲ್ಲವೂ ಒಂದೇ ಅರ್ಥದ ಸುತ್ತ ಸುಳಿಯುವ ಶಬ್ದಗಳು. ಪರ್ಯಾಯಪದಗಳೆಂದು ಇವನ್ನು ಒಟ್ಟಿಗೆ ಎಣಿಸುವುದು ಸುಲಭ. ಆದರೆ ಪ್ರಯೋಗವನ್ನು ಪರಿಶೀಲಿಸಿದರೆ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲದೆಂಬುದು ವ್ಯಕ್ತವಾಗುತ್ತದೆ. ಹಲವು ನುಡಿಗಳು ಕೂಡುವ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಮಲೆಯಲ್ಲಿ ಈ ಭೇದವು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ.

ಇವುಗಳಲ್ಲಿ ಅಚ್ಚಗನ್ನಡದ ಪ್ರಾಚೀನ ಪದ 'ಎರ್ದೆ'. ಹಳಗನ್ನಡ ಕಾವ್ಯಗಳಲ್ಲಿ ಪ್ರಯೋಗವಾಗಿರುವ ಈ ರೂಪವು ಕಾಲಕ್ರಮದಲ್ಲಿ ರೇಫವನ್ನು ಕಳೆದುಕೊಂಡು 'ಎದೆ'ಯಾಯಿತು. 'ಬರ್ದುಂಕು' ಎಂಬುದು 'ಬದುಕು' ಆದದ್ದೂ ಇದೇ ಮಾರ್ಗದಲ್ಲಿಯೇ. ಮೂಡಿಗೆರೆ ತಾಲ್ಲೂಕಿನ ಅಂಗಡಿ, ಅಂದರೆ ಹಿಂದಿನ ಸೊಸೆವೂರು, ಹೊಯ್ಸಳರ ಮೂಲಸ್ಥಾನ. ಆ ಅರಸರ ಕಾಲದಲ್ಲಿ, ಸುಮಾರು 1260ರಲ್ಲಿ, ಕೇಶಿರಾಜನು 'ಶಬ್ದಮಣಿದರ್ಪಣ'ವನ್ನು ರಚಿಸಿದನು. ಬಿರುದುಗಳೇ ಮೊದಲಾದ ಕೆಲವು ಎಡೆಗಳ ಹೊರತು ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದು ಸಮಾಸ ಮಾಡಲಾಗದೆಂಬ ಅರಿಸಮಾಸ ವಿಚಾರವು ಅಲ್ಲಿ ಬರುತ್ತದೆ. ಈ ದೃಷ್ಟಿಯಿಂದ ನೋಡಿದರೆ ಎದೆ ಮತ್ತು ಹೃದಯಗಳು ಬೇರೆಬೇರೆ ಮನೆತನ ಕಟ್ಟಿಕೊಂಡಿರುವುದು ಗಮನಾರ್ಹ. ಎದೆಗಾರ, ಎದೆಗಾರಿಕೆ, ಎದೆಗುಂದು, ಎದೆಗೆಡು, ಎದೆಯೊಡೆ - ಇವು ಎದೆಯ ಸಂತಾನ. ಧೈರ್ಯ, ಭಯಗಳು ಇಲ್ಲಿನ ಮುಖ್ಯಾರ್ಥ. ಸಹೃದಯ, ಹೃದ್ಯ, ಹೃದಯಂಗಮ, ಸುಹೃತ್, ಸೌಹಾರ್ದ - ಇವು ಹೃದಯದ ಸಂತಾನ. ರಸ, ಮೈತ್ರಿಗಳು ಇಲ್ಲಿ ಪ್ರಧಾನ. ಎದೆಗಾರನು ಸಹೃದಯನೇ ಆಗಿರಬೇಕೆಂದಿಲ್ಲ. ಸಹೃದಯನು ಎದೆಗಾರನಾಗದೆಯೂ ಇರಬಹುದು.

ಸಂಸ್ಕೃತದ ಹೃದಯ ಶಬ್ದಕ್ಕೆ ಪ್ರಾಚೀನರು ನಾನಾ ನಿರ್ವಚನಗಳನ್ನು ಹೇಳಿದ್ದಾರೆ. ಬೃಹದಾರಣ್ಯಕೋಪನಿಷತ್ತು ಅದರ ಮೂರು ಅಕ್ಷರಗಳಿಗೆ ತರುವುದು, ಕೊಡುವುದು, ಹೋಗುವುದು ಎಂಬ ಅರ್ಥಗಳನ್ನು ಕಲ್ಪಿಸುತ್ತದೆ. ಛಾಂದೋಗ್ಯವು ಆತ್ಮನು ಹೃದಯದಲ್ಲಿ ನೆಲೆಸಿರುವುದರಿಂದಲೇ ಈ ಹೆಸರೆನ್ನುತ್ತದೆ. ಆಧುನಿಕ ಭಾಷಾಶಾಸ್ತ್ರವು ಇದನ್ನು ಗ್ರೀಕಿನ 'ಕಾರ್ದಿಯಾ', ಇಂಗ್ಲಿಷಿನ 'ಹಾರ್ಟ್' ಶಬ್ದಗಳ ಬಂಧುವೆಂದು ಗುರುತಿಸಿದೆ. ಇನ್ನೂ ಸ್ವಾರಸ್ಯವಾದ ಸಂಗತಿಯೆಂದರೆ, 'ಶ್ರದ್ಧೆ'ಯ ಮೊದಲ ಭಾಗವಾದ 'ಶ್ರತ್' ಎಂಬುದೂ ಇದೇ ಮೂಲದ್ದೆಂದು ಹಲವು ವಿದ್ವಾಂಸರ ಅಭಿಪ್ರಾಯ. ಹಾಗಾದರೆ ಶ್ರದ್ಧೆಯೆಂದರೆ ಹೃದಯವನ್ನಿಡುವುದು. ಷಟ್‌ಸ್ಥಲಗಳಲ್ಲಿ ಮೊದಲನೆಯದಾದ ಭಕ್ತಸ್ಥಲಕ್ಕೆ ಶ್ರದ್ಧಾಭಕ್ತಿಯನ್ನೇ ಹೇಳಿರುವುದನ್ನು ಇಲ್ಲಿ ಸ್ಮರಿಸಬಹುದು.

ವೀರಶೈವ ಪರಿಭಾಷೆಯು ಹೊರಗಿನ ಎದೆಯನ್ನೂ ಒಳಗಿನ ಹೃದಯವನ್ನೂ ಬೇರ್ಪಡಿಸಿಯೇ ಹೆಸರಿಸಿದೆ. ಇಷ್ಟಲಿಂಗವನ್ನು ಧರಿಸುವ ಸ್ಥಾನಗಳಲ್ಲಿ ಒಂದಾದ 'ಉರಸ್ಸಜ್ಜೆ'ಯಲ್ಲಿರುವುದು ಎದೆ ಎಂಬರ್ಥದ 'ಉರಸ್'. ಷಡುಲಿಂಗಗಳನ್ನು ಆರು ಚಕ್ರಗಳಲ್ಲಿ ಭಾವಿಸುವಾಗಲಾದರೋ ಹೃದಯಸ್ಥಾನದ ಅನಾಹತದಲ್ಲಿ ಜಂಗಮಲಿಂಗವನ್ನು ಹೇಳುತ್ತಾರೆ. ಕಣ್ಣಿಗೆ ಕಾಣುವ ಎದೆಗೊಂದು ಪದ, ಭಾವಕ್ಕೆ ಗೋಚರಿಸುವ ಹೃದಯಕ್ಕೊಂದು ಪದ.

ಆದರೂ ಜನಜೀವನದ ಭಾವಗಳೆಲ್ಲವೂ ಈ ಎರಡು ಪದಗಳಲ್ಲಿಯೇ ಅಡಗಿಲ್ಲ. ದೇಹದೊಳಗೆ ಮಿಡಿಯುವ ಅಂಗಕ್ಕೆ ಕನ್ನಡದ ಹೆಸರು ಗುಂಡಿಗೆ. ತೆಲುಗಿನ 'ಗುಂಡೆ' ಅದರ ಸೋದರಪದ. ಮಮತೆಯಾದರೋ ಗುಂಡಿಗೆಯಲ್ಲಿಲ್ಲ, ಕರುಳಿನಲ್ಲಿದೆ. ಮಕ್ಕಳು ಕರುಳಿನ ಕುಡಿಗಳು. ಪರರ ದುಃಖಕ್ಕೆ ಚುರುಕ್ಕೆನ್ನುವುದೂ ಕರುಳೇ. ಅಸೂಯೆಯು ಹೊಟ್ಟೆಯ ಕಿಚ್ಚು. ತಪ್ಪನ್ನು ಮನ್ನಿಸುವುದೂ 'ಹೊಟ್ಟೆಗೆ ಹಾಕಿಕೊಳ್ಳುವುದು'. ಆಲೋಚನೆಗೆ ಮನ, ಬಗೆಗಳಿವೆ. ಅನ್ಯಭಾಷೆಗಳು ಒಂದೇ ಅಂಗದ ಮೇಲೆ ಹೊರಿಸುವ ಭಾರವನ್ನು ಕನ್ನಡವು ಇಡೀ ಒಡಲಿಗೆ ಹಂಚಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಕಾಫಿ ತೋಟಗಳು ಹಬ್ಬಿದಂತೆ ಈ ಮಲೆಗಳಿಗೆ ಅನೇಕ ನುಡಿಗಳ ಜನರು ಬಂದು ಸೇರಿದರು. ಚಾರ್ಮಾಡಿ ಘಟ್ಟವೇರಿ ತುಳುವರು ಬಂದರು. ಕೊಂಕಣಿಗರು, ಬ್ಯಾರಿಗಳು, ತಮಿಳರು ಬಂದರು. ತುಳುವಿನಲ್ಲಿ ಎದೆಯು 'ತಿಗಲೆ', ಅಂತರಂಗವು 'ಉಡಲ್'. ತಮಿಳಿನ 'ನೆಂಜು' ಎದೆಯೂ ಹೌದು, ಮನಸ್ಸೂ ಹೌದು. ಕೊಂಕಣಿಯ 'ಕಾಳಿಜ್' ಹಿಂದಿಯ 'ಕಲೇಜಾ'ದ ಬಂಧು; ಮೂಲತಃ ಯಕೃತ್ತನ್ನು ಸೂಚಿಸುತ್ತಿದ್ದ ಪದವು ಅಲ್ಲಿ ಹೃದಯವಾಚಿಯಾಗಿದೆ. ಹೀಗೆ ಒಂದೇ ತೋಟದಲ್ಲಿ ಹಣ್ಣು ಕೊಯ್ಯುವವರ ನಡುವೆ ಒಂದೇ ನೋವಿಗೆ ನಾಲ್ಕಾರು ಹೆಸರುಗಳು ಕೇಳಿಬರುತ್ತವೆ.

ಈ ಶಬ್ದಭೇದವು ಪಂಡಿತರ ಕುತೂಹಲಕ್ಕೆ ಮಾತ್ರ ಸೀಮಿತವಾದುದಲ್ಲ. ಆಸ್ಪತ್ರೆಗೆ ಬಂದ ಕೂಲಿಕಾರನು 'ಎದೆ ನೋವು' ಎಂದಾಗ ಅದು ಶ್ವಾಸಕೋಶದ್ದಾಗಿರಬಹುದು, ಪಕ್ಕೆಲುಬಿನದಾಗಿರಬಹುದು, ಗುಂಡಿಗೆಯದೂ ಆಗಿರಬಹುದು. 'ಎದೆಯುರಿ' ಸಾಮಾನ್ಯವಾಗಿ ಜಠರದ ಆಮ್ಲದಿಂದ ಉಂಟಾಗುತ್ತದೆ. ಆದರೆ ಹೃದಯಾಘಾತವೂ ಕೆಲವೊಮ್ಮೆ ಉರಿಯಂತೆಯೇ ತೋರುತ್ತದೆ. 'ಗ್ಯಾಸ್' ಎಂದುಕೊಂಡು ಶುಂಠಿ ಕಷಾಯ ಕುಡಿದು ಮಲಗಿದವನಿಗೆ, ರಕ್ತನಾಳದ ಅಡ್ಡಿಯನ್ನು ನಿವಾರಿಸಬಹುದಾದ ಅಮೂಲ್ಯ ವೇಳೆ ಕಳೆದುಹೋಗುತ್ತದೆ. ಕಳಸದಂಥ ಒಳನಾಡಿನಿಂದ ದೊಡ್ಡ ಆಸ್ಪತ್ರೆಗೆ ಘಟ್ಟದ ದಾರಿಯಲ್ಲಿ ತಲಪುವ ಹೊತ್ತೂ ಅದಕ್ಕೆ ಸೇರುತ್ತದೆ. 2023ರಲ್ಲಿ ಕರ್ನಾಟಕ ಸರ್ಕಾರವು ಆರಂಭಿಸಿದ, ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರನ್ನು ಹೊತ್ತ 'ಹೃದಯ ಜ್ಯೋತಿ' ಯೋಜನೆಯು ತಾಲ್ಲೂಕು ಆಸ್ಪತ್ರೆಗಳಲ್ಲಿಯೇ ಇ.ಸಿ.ಜಿ. ಪರೀಕ್ಷಿಸಿ ತಜ್ಞರ ಸಲಹೆ ಪಡೆಯಲು ಅನುವು ಮಾಡುವ ಉದ್ದೇಶವುಳ್ಳದ್ದು. ಯೋಜನೆಯ ಹೆಸರು ಹೃದಯ. ರೋಗಿಯ ಬಾಯಲ್ಲಿರುವುದು ಎದೆ, ತಿಗಲೆ, ನೆಂಜು. ಇವೆರಡರ ನಡುವಣ ಅಂತರವನ್ನು ಯಂತ್ರವೊಂದೇ ತುಂಬಲಾರದು. ನೋವು ಎಡತೋಳಿಗೆ ಹರಿಯುತ್ತಿದೆಯೇ, ದವಡೆಗೆ ಏರುತ್ತಿದೆಯೇ, ಬೆವರು ಬರುತ್ತಿದೆಯೇ ಎಂದು ರೋಗಿಯ ನುಡಿಯಲ್ಲಿಯೇ ಕೇಳುವವರು ಬೇಕು.

1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟು, ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಮೊದಲಾದವು ಕನ್ನಡದ ಶಬ್ದಸಂಪತ್ತನ್ನು ಕಾಪಾಡಿಕೊಟ್ಟಿವೆ. ಇಂದು ಬರಹದಲ್ಲಿ 'ಹೃದಯ' ಒಂದೇ ಉಳಿದ ಪದಗಳನ್ನು ಹಿಂದಕ್ಕೆ ಸರಿಸುತ್ತಿದೆ. ಹೃದಯ ಶಬ್ದದ ಘನತೆಗೆ ಯಾವ ಆಕ್ಷೇಪವೂ ಇಲ್ಲ. ಆದರೆ ಕರುಳು ಮರೆತರೆ ಮಮತೆಯ ಮಾತು ಸೊರಗುತ್ತದೆ, ಎದೆ ಮರೆತರೆ ಧೈರ್ಯದ ಮಾತು ಸೊರಗುತ್ತದೆ. ಆರೋಗ್ಯದ ತಿಳಿವಳಿಕೆಯನ್ನು ಬರೆಯುವವರೂ ಶಾಲೆಯಲ್ಲಿ ಕನ್ನಡವನ್ನು ಬೋಧಿಸುವವರೂ ಈ ಪದಗಳೆಲ್ಲವನ್ನೂ ಅವುಗಳ ಅರ್ಥಭೇದದೊಡನೆ ಬಳಕೆಯಲ್ಲಿ ಉಳಿಸಿಕೊಳ್ಳುವುದು ಅವಶ್ಯ.