ಡ್ರಾ ಬೇಡ ಎಂದ ಜಪಾನ್

ದುರ್ಬಲ ತಂಡವೊಂದು ಬಲಿಷ್ಠ ತಂಡವನ್ನು ಸೋಲಿಸಬಹುದೇ ಅಂತ ಯಾರಾದರೂ ಕೇಳಿದರೆ, ಕ್ರಿಕೆಟ್ ನೋಡಿಕೊಂಡು ಬೆಳೆದ ನಾವು "ಯಾಕಾಗಲ್ಲ?" ಅಂತ ತಟ್ಟನೆ ಹೇಳಿಬಿಡುತ್ತೇವೆ. 1983ರ ಲಾರ್ಡ್ಸ್ ನಮ್ಮ ನಾಲಿಗೆಯ ತುದಿಯಲ್ಲೇ ಇರುತ್ತದೆ. ಮರೆಯೋಣ ಅಂದರೂ ಮರೆಯಲಾಗದ 2007ರ ಮಾರ್ಚ್ 17 ಕೂಡ ಇದೆ. ಅವತ್ತು ಬಾಂಗ್ಲಾದೇಶ ನಮ್ಮನ್ನು ಸೋಲಿಸಿತು, ಅದೇ ದಿನ ಐರ್ಲೆಂಡ್ ಪಾಕಿಸ್ತಾನವನ್ನು ಸೋಲಿಸಿತು. ಒಂದು ಒಳ್ಳೆಯ ಸ್ಪೆಲ್, ಎರಡು ಕೈಬಿಟ್ಟ ಕ್ಯಾಚು, ಅಷ್ಟರಲ್ಲಿ ಕಥೆಯೇ ಬದಲು.

ಆದರೆ ಇದೇ ಪ್ರಶ್ನೆಯನ್ನು ರಗ್ಬಿ ಗೊತ್ತಿರುವವರ ಹತ್ತಿರ ಕೇಳಿ ನೋಡಿ. ಅವರು ಒಂದು ಕ್ಷಣ ಸುಮ್ಮನಾಗುತ್ತಾರೆ. ಆ ಆಟದಲ್ಲಿ ಅದೃಷ್ಟಕ್ಕೆ ಜಾಗ ಬಹಳ ಕಡಿಮೆ. ಕಡೆಗೆ ಹದಿನೈದು ಜನ, ಎಂಬತ್ತು ನಿಮಿಷ, ಪ್ರತಿ ನಿಮಿಷವೂ ಮೈಗೆ ಮೈ ಡಿಕ್ಕಿ. ಫುಟ್‌ಬಾಲಿನಲ್ಲಿ ಒಂದೇ ಒಂದು ಗೋಲು ಹೊಡೆದು ಉಳಿದ ಸಮಯವೆಲ್ಲ ಗೋಲಿನ ಮುಂದೆ ಗೋಡೆ ಕಟ್ಟಿ ನಿಲ್ಲಬಹುದು. ರಗ್ಬಿಯಲ್ಲಿ ಆ ಗೋಡೆಯನ್ನು ಎದುರಾಳಿ ಮೈಯಿಂದಲೇ ತಳ್ಳಿಕೊಂಡು ಬರುತ್ತಾನೆ. ಹತ್ತು ಕಿಲೋ ಜಾಸ್ತಿ ತೂಗುವವನು ಒಂದು ಸಲ ಗುದ್ದಿದರೆ ತಡೆದುಕೊಳ್ಳಬಹುದು. ನೂರು ಸಲ ಗುದ್ದಿದರೆ? ಅದಕ್ಕೇ ವಿಶ್ವಕಪ್ ಚರಿತ್ರೆಯಲ್ಲಿ ಇಂಥ ಅಚ್ಚರಿಗಳನ್ನು ಬೆರಳೆಣಿಕೆಯಲ್ಲಿ ಹೇಳಿ ಮುಗಿಸಬಹುದು. 1991ರಲ್ಲಿ ಪಶ್ಚಿಮ ಸಮೋವಾ ವೇಲ್ಸನ್ನು ಕಾರ್ಡಿಫ್‌ನಲ್ಲೇ 16-13ರಿಂದ ಸೋಲಿಸಿತು. 2011ರಲ್ಲಿ ಟೋಂಗಾ ಫ್ರಾನ್ಸನ್ನು 19-14ರಿಂದ ಸೋಲಿಸಿತು. ಆದರೆ ಈ ದ್ವೀಪದವರು ಬಡವರಿರಬಹುದು, ಮೈಕಟ್ಟಿನಲ್ಲಿ ಯಾರಿಗೂ ಕಮ್ಮಿಯಿಲ್ಲ.

ನಾನು ಹೇಳಹೊರಟಿರುವುದು ಮೈಕಟ್ಟೂ ಇಲ್ಲದ ತಂಡದ ಕಥೆ. ಜಪಾನ್.

ಜಪಾನಿಗೆ ರಗ್ಬಿ ಹೊಸದೇನಲ್ಲ. 1899ರಲ್ಲಿ ಟೋಕಿಯೋದ ಕೀಯೋ ವಿದ್ಯಾಲಯದ ಹುಡುಗರಿಗೆ ಎಡ್ವರ್ಡ್ ಬ್ರಾಮ್‌ವೆಲ್ ಕ್ಲಾರ್ಕ್ ಎಂಬ ಮೇಷ್ಟರು ತಮ್ಮ ಗೆಳೆಯ ತನಾಕಾ ಗಿನ್ನೋಸುಕೆ ಜೊತೆ ಸೇರಿ ಈ ಆಟ ಕಲಿಸಿದರು. ಇಬ್ಬರೂ ಕೇಂಬ್ರಿಜ್‌ನಲ್ಲಿ ಓದಿ ಬಂದವರು. ಆಮೇಲೆ ಅದು ವಿಶ್ವವಿದ್ಯಾಲಯಗಳಿಗೆ ಹಬ್ಬಿತು, ಅಲ್ಲಿಂದ ಕಂಪನಿ ತಂಡಗಳಿಗೆ. ನಮ್ಮ ಬೆಂಗಳೂರಿನ ಎಚ್‌ಎಎಲ್, ಐಟಿಐ ಫುಟ್‌ಬಾಲ್ ತಂಡಗಳಿದ್ದವಲ್ಲ, ಹಾಗೆ ಅಲ್ಲಿ ತೋಷಿಬಾ, ಯಮಹಾ, ಸನ್ಟೋರಿ ರಗ್ಬಿ ತಂಡಗಳು. (ಅಂದಹಾಗೆ ರಗ್ಬಿಗೂ ನಮ್ಮ ದೇಶಕ್ಕೂ ಒಂದು ತಮಾಷೆಯ ನಂಟಿದೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಪ್ರತಿವರ್ಷ ಕಾದಾಡುವ ಕಲ್ಕತ್ತಾ ಕಪ್ ಇದೆಯಲ್ಲ, ಅದನ್ನು ಮಾಡಿಸಿದ್ದು ಮುಚ್ಚಿಹೋದ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ಬಿನ ಖಾತೆಯಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ.)

ಇರಲಿ, ವಿಷಯಕ್ಕೆ ಬರೋಣ. ಸಣ್ಣ ಮೈಯವರು ದೊಡ್ಡ ಮೈಯವರನ್ನು ಎದುರಿಸುವುದು ಹೇಗೆ ಅಂತ ಜಪಾನೀಯರು 1960ರ ದಶಕದಲ್ಲೇ ತಲೆ ಕೆಡಿಸಿಕೊಂಡಿದ್ದರು. ವಾಸೆದಾ ವಿಶ್ವವಿದ್ಯಾಲಯದ ಓನಿಶಿ ತೆತ್ಸುನೋಸುಕೆ ಎಂಬ ಕೋಚ್ ಇದಕ್ಕೆ ಮೂರೇ ಪದದ ಸೂತ್ರ ಹೇಳಿದ್ದರು. ಎದುರಾಳಿಯ ಹತ್ತಿರ ಹೋಗು, ಚೆಂಡನ್ನು ಅಗಲಕ್ಕೆ ಹರಡು, ನಿಲ್ಲಿಸದೆ ಮುಂದುವರಿಸು. ಅವರ ತಂಡ 1968ರಲ್ಲಿ ನ್ಯೂಜಿಲೆಂಡಿನ ಜೂನಿಯರ್ ತಂಡವನ್ನು ವೆಲಿಂಗ್ಟನ್‌ನಲ್ಲೇ 23-19ರಿಂದ ಸೋಲಿಸಿತು. 1971ರಲ್ಲಿ ಟೋಕಿಯೋದಲ್ಲಿ ಇಂಗ್ಲೆಂಡಿಗೆ ಸೋತಿದ್ದು ಬರೀ 3-6ರಿಂದ. 1989ರಲ್ಲಿ ಸ್ಕಾಟ್ಲೆಂಡ್ ತಂಡವನ್ನು 28-24ರಿಂದ ಸೋಲಿಸಿದ್ದೂ ಉಂಟು. ಅವತ್ತಿನ ಸ್ಕಾಟ್ಲೆಂಡ್ ಪೂರ್ಣ ಬಲದ್ದಾಗಿರಲಿಲ್ಲ ಅನ್ನುವುದನ್ನೂ ಹೇಳಬೇಕು.

ಆಮೇಲೆ ಬಂತು 1995.

ದಕ್ಷಿಣ ಆಫ್ರಿಕಾದಲ್ಲಿ ನಡೆದ ವಿಶ್ವಕಪ್. ಮಂಡೇಲಾ ಹಸಿರು ಜೆರ್ಸಿ ತೊಟ್ಟು ಕಪ್ ಕೊಟ್ಟರಲ್ಲ, ಅದೇ. ಆ ಸಂಭ್ರಮದ ಟೂರ್ನಿಯಲ್ಲೇ, ಜೂನ್ 4ರಂದು ಬ್ಲೂಮ್‌ಫಾಂಟೇನ್‌ನಲ್ಲಿ ನ್ಯೂಜಿಲೆಂಡ್ 145, ಜಪಾನ್ 17. ಅಚ್ಚಿನ ತಪ್ಪಲ್ಲ, ನೂರಾ ನಲವತ್ತೈದೇ. ಇಪ್ಪತ್ತೊಂದು ಟ್ರೈ. ಮಾರ್ಕ್ ಎಲ್ಲಿಸ್ ಒಬ್ಬನೇ ಆರು. ಮೊದಲ ಟೆಸ್ಟ್ ಆಡುತ್ತಿದ್ದ ಸೈಮನ್ ಕಲ್‌ಹೇನ್ 45 ಅಂಕ. ಹೊಟ್ಟೆಗೆ ಬೆಂಕಿ ಬೀಳುವ ಮಾತೆಂದರೆ ನ್ಯೂಜಿಲೆಂಡ್ ಅವತ್ತು ಇಳಿಸಿದ್ದು ಬಹುಪಾಲು ಎರಡನೇ ಸಾಲಿನ ಆಟಗಾರರನ್ನು. ಅದೇ ವರ್ಷ ಆಗಸ್ಟ್‌ನಲ್ಲಿ ರಗ್ಬಿ ಅಧಿಕೃತವಾಗಿ ವೃತ್ತಿಪರ ಆಟವಾಯಿತು. ದೊಡ್ಡ ದೇಶದ ಆಟಗಾರರು ದಿನವಿಡೀ ಜಿಮ್ಮಿನಲ್ಲಿ ಬೆವರು ಸುರಿಸತೊಡಗಿದರು. ಅಂತರ ಇನ್ನೂ ಹೆಚ್ಚಿತು. ಜಪಾನಿನ ಮಕ್ಕಳಿಗೆ ನೋಡಲು ಅಷ್ಟರಲ್ಲಿ ಜೆ-ಲೀಗ್ ಫುಟ್‌ಬಾಲ್ ಬಂದಾಗಿತ್ತು.

1987ರಿಂದ 2011ರವರೆಗೆ ಏಳು ವಿಶ್ವಕಪ್‌ಗಳಲ್ಲಿ ಜಪಾನ್ ಆಡಿದ್ದು 24 ಪಂದ್ಯ. ಗೆದ್ದಿದ್ದು ಒಂದು, 1991ರಲ್ಲಿ ಜಿಂಬಾಬ್ವೆ ಮೇಲೆ. ಎರಡು ಡ್ರಾ, ಎರಡೂ ಕೆನಡಾ ಜೊತೆ. ಮಿಕ್ಕ 21 ಸೋಲು.

2012ರಲ್ಲಿ ಎಡ್ಡಿ ಜೋನ್ಸ್ ಕೋಚ್ ಆಗಿ ಬಂದರು. ಆಸ್ಟ್ರೇಲಿಯಾದವರು, ತಾಯಿ ಜಪಾನೀ ಮೂಲದವರು, ಹೆಂಡತಿ ಜಪಾನಿನವರು. 2007ರಲ್ಲಿ ದಕ್ಷಿಣ ಆಫ್ರಿಕಾ ವಿಶ್ವಕಪ್ ಗೆದ್ದಾಗ ಅದರ ಸಲಹೆಗಾರರಾಗಿದ್ದವರು. ಅಂದರೆ ಮುಂದೆ ಎದುರಾಗುವವರ ಮನೆಯ ಅಡುಗೆ ಇವರಿಗೆ ಗೊತ್ತಿತ್ತು!

ಆ ವರ್ಷ ಜೂನ್‌ನಲ್ಲಿ ನಡೆದ ಒಂದು ಘಟನೆ ನನಗೆ ಇಡೀ ಕಥೆಯ ಬೀಗದಕೈಯಂತೆ ಕಾಣುತ್ತದೆ. ಫ್ರೆಂಚ್ ಬಾರ್ಬೇರಿಯನ್ಸ್ ತಂಡದ ಎದುರು ಜಪಾನ್ ಟೋಕಿಯೋದಲ್ಲಿ 21-40ರಿಂದ ಸೋತಿತು. ಆಮೇಲೆ ಪತ್ರಕರ್ತರ ಮುಂದೆ ಕೂತಾಗ ನಾಯಕ ಹಿರೋಸೆ ತೋಷಿಯಾಕಿ ಸಣ್ಣಗೆ ನಕ್ಕರು. ಸಂಕೋಚದ ನಗು ಅದು. ನಮ್ಮಲ್ಲೂ ಮುಖಭಂಗವಾದಾಗ ಹಲ್ಲು ಕಿರಿಯುತ್ತೇವಲ್ಲ, ಅಂಥದ್ದು. ಪಕ್ಕದಲ್ಲಿದ್ದ ಜೋನ್ಸ್ ಕೆಂಡಾಮಂಡಲವಾದರು. ಇದರಲ್ಲಿ ನಗುವಂಥದ್ದೇನಿದೆ, ಜಪಾನ್ ರಗ್ಬಿಯ ರೋಗವೇ ಇದು ಅಂತ ಎಲ್ಲರೆದುರೇ ಗದರಿದರು. ಹಿರೋಸೆ ಮೇಲೆ ನನಗೆ ಕನಿಕರವಿದೆ, ಆದರೂ ರೋಗದ ಹೆಸರನ್ನು ಜೋನ್ಸ್ ಸರಿಯಾಗಿಯೇ ಹೇಳಿದ್ದರು ಅನ್ನಿಸುತ್ತದೆ. "ಚೆನ್ನಾಗಿ ಸೋತೆವು" ಎಂಬ ಸಮಾಧಾನ. 21 ಸೋಲು ಕಂಡ ಮೇಲೆ ಅದೊಂದು ಅಭ್ಯಾಸವೇ ಆಗಿಬಿಡುತ್ತದೆ.

ಆಮೇಲಿನ ಮೂರು ವರ್ಷ ನಡೆದದ್ದು ಪವಾಡವಂತೂ ಅಲ್ಲ, ಬರೀ ಕೂಲಿ ಕೆಲಸ. ಬೆಳಗಿನ ಜಾವ ಐದಕ್ಕೆಲ್ಲ ತರಬೇತಿ ಶುರು. ಮಿಯಾಜಾಕಿಯ ಶಿಬಿರದಲ್ಲಿ ದಿನಕ್ಕೆ ಮೂರು, ನಾಲ್ಕು ಸಲ ಅಭ್ಯಾಸ. ಜೋನ್ಸ್ ಲೆಕ್ಕಾಚಾರ ಹೀಗಿತ್ತು. ಎತ್ತರ ಹೆಚ್ಚಿಸಲಾಗುವುದಿಲ್ಲ, ದಮ್ಮು ಹೆಚ್ಚಿಸಬಹುದು. ಚೆಂಡು ಒದ್ದು ಎದುರಾಳಿಯ ಕೈಗೆ ಕೊಡುವುದಕ್ಕಿಂತ ತಾವೇ ಇಟ್ಟುಕೊಂಡು ಓಡಿದರೆ ದೈತ್ಯರಿಗೆ ಸುಸ್ತಾಗುತ್ತದೆ. ತಂಡದ ಸ್ಕ್ರಮ್-ಹಾಫ್ ತನಾಕಾ ಫುಮಿಯಾಕಿ ಎತ್ತರ 166 ಸೆಂ.ಮೀ. ಎದುರಿಗೆ ಎರಡು ಮೀಟರ್ ದಾಟಿದ ಲೂಡ್ ಡಿ ಯಾಗರ್. ಇಂಥವರನ್ನು ಎದೆಗೆ ಎದೆ ಕೊಟ್ಟು ನಿಲ್ಲಿಸಲು ಸಾಧ್ಯವೇ? ಕಬಡ್ಡಿ ಆಡಿದವರಿಗೆ ಉತ್ತರ ಗೊತ್ತು, ಕಾಲು ಹಿಡಿಯಬೇಕು. ಬಗ್ಗಿ ಕಾಲಿಗೆ ಬೀಳುವ ಟ್ಯಾಕಲ್ ಕಲಿಸಲು ಕೋಸಾಕಾ ತ್ಸುಯೋಶಿ ಎಂಬ ಮಿಶ್ರ ಸಮರಕಲೆಯ ಫೈಟರನ್ನೇ ಕರೆಸಿದರು.

ಸ್ಕ್ರಮ್ ಅಂದರೆ ಎರಡೂ ಕಡೆಯ ಎಂಟೆಂಟು ಜನ ತಲೆ ತಗ್ಗಿಸಿ ಹೆಣೆದುಕೊಂಡು ತಳ್ಳುವ ಪಟ್ಟು. ಇಲ್ಲಿ ತೂಕವೇ ದೇವರು ಅಂತ ನಂಬಿಕೆ. ಫ್ರಾನ್ಸಿನ ಮಾಜಿ ಆಟಗಾರ ಮಾರ್ಕ್ ದಾಲ್ ಮಾಸೋ ಬಂದು, ಎಂಟು ಜನ ಒಂದೇ ಕ್ಷಣದಲ್ಲಿ, ತಗ್ಗಿನಿಂದ ತಳ್ಳಿದರೆ ತೂಕದ ಕೊರತೆ ತುಂಬಬಹುದು ಅಂತ ತೋರಿಸಿಕೊಟ್ಟರು. 2013ರ ಜೂನ್‌ನಲ್ಲಿ ವೇಲ್ಸ್ ಮೇಲೆ 23-8ರ ಗೆಲುವು ಬಂತು. (ಅವರ ಮುಖ್ಯ ಆಟಗಾರರು ಲಯನ್ಸ್ ಪ್ರವಾಸದಲ್ಲಿದ್ದರು.) ಅದೇ ಅಕ್ಟೋಬರ್‌ನಲ್ಲಿ ಜೋನ್ಸ್‌ಗೆ ಪಾರ್ಶ್ವವಾಯು ಬಡಿಯಿತು. ಚೇತರಿಸಿಕೊಂಡು ಮತ್ತೆ ಬಂದರು.

ತಂಡದಲ್ಲಿ ನ್ಯೂಜಿಲೆಂಡ್, ಟೋಂಗಾ ಮೂಲದವರು ಹಲವರಿದ್ದರಲ್ಲ, ಅದು ಜಪಾನ್ ಹೇಗಾಗುತ್ತದೆ ಅಂತ ಕೆಲವರು ಕೊಂಕು ತೆಗೆಯುತ್ತಾರೆ. ಆಗಿನ ನಿಯಮದಂತೆ ಮೂರು ವರ್ಷ ನೆಲೆಸಿದರೆ ಆ ದೇಶಕ್ಕೆ ಆಡಬಹುದಿತ್ತು, ಎಲ್ಲ ದೇಶಗಳೂ ಅದನ್ನು ಬಳಸಿಕೊಂಡಿವೆ. ಹಿರೋಸೆ ನಂತರ ನಾಯಕನಾದ ಮೈಕೆಲ್ ಲೀಚ್ ಹುಟ್ಟಿದ್ದು ಕ್ರೈಸ್ಟ್‌ಚರ್ಚ್‌ನಲ್ಲಿ, ಆದರೆ ಹದಿನೈದನೇ ವಯಸ್ಸಿಗೇ ಸಪ್ಪೊರೊದ ಹೈಸ್ಕೂಲಿಗೆ ಓದಲು ಬಂದು ಅಲ್ಲೇ ಬೆಳೆದವನು. ಅವನನ್ನು ಹೊರಗಿನವನು ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ.

2015ರ ಸೆಪ್ಟೆಂಬರ್ 19, ಇಂಗ್ಲೆಂಡಿನ ಬ್ರೈಟನ್. ಎದುರಿಗೆ ಎರಡು ಸಲದ ಚಾಂಪಿಯನ್ ದಕ್ಷಿಣ ಆಫ್ರಿಕಾ.

ಅರ್ಧ ಪಂದ್ಯಕ್ಕೆ 12-10, ದಕ್ಷಿಣ ಆಫ್ರಿಕಾ ಮುಂದೆ. ಆಶ್ಚರ್ಯ ಆಗಲೇ ಶುರು, ಯಾಕೆಂದರೆ ಜಪಾನಿನ ಟ್ರೈ ಬಂದಿದ್ದು ಫಾರ್ವರ್ಡ್‌ಗಳು ಗುಂಪಾಗಿ ತಳ್ಳಿ. ದೈತ್ಯರನ್ನು ದೈತ್ಯರ ಆಟದಲ್ಲೇ! ಆಮೇಲೆ ಹಗ್ಗಜಗ್ಗಾಟ. ಅವರು ಟ್ರೈ ಹೊಡೆದರೆ ಇವರ ಫುಲ್‌ಬ್ಯಾಕ್ ಗೊರೊಮಾರು ಅಯುಮು, ದೇವರಿಗೆ ಕೈಮುಗಿದ ಹಾಗೆ ಬೆರಳು ಜೋಡಿಸಿ ನಿಂತು, ಪೆನಾಲ್ಟಿ ಒದ್ದು ಸರಿಗಟ್ಟುವುದು. 19-19, 22-22. ದಕ್ಷಿಣ ಆಫ್ರಿಕಾ 29-22 ಮಾಡಿದಾಗ ಇನ್ನು ಮುಗಿಯಿತು ಅನ್ನಬೇಕು. ಆಗ ಗೊರೊಮಾರು ತಾನೇ ಓಡಿ ಟ್ರೈ ಹೊಡೆದು, ಮೂಲೆಯಿಂದ ಕನ್ವರ್ಷನ್ನನ್ನೂ ಒದ್ದ. 29-29. ಆ ಪಂದ್ಯದಲ್ಲಿ ಅವನೊಬ್ಬನದೇ 24 ಅಂಕ.

ಈಗ ನೋಡಿ. ಉಳಿದಿರುವುದು ಏಳೆಂಟು ನಿಮಿಷ. ದಕ್ಷಿಣ ಆಫ್ರಿಕಾಕ್ಕೆ ಒಂದು ಪೆನಾಲ್ಟಿ ಸಿಕ್ಕಿತು. ಅವರು ಗೋಲಿಗೆ ಒದ್ದು ಮೂರು ಅಂಕ ತೆಗೆದುಕೊಂಡರು. 32-29. ಜಪಾನಿನ ಮೇಲೆ ಟ್ರೈಗೆ ಹೋಗುವ ಬದಲು ಮೂರು ಅಂಕ ಸಾಕು ಅಂದುಕೊಂಡ ಆ ಗಳಿಗೆಯಲ್ಲಿ ಯಾರು ಯಾರಿಗೆ ಹೆದರಿದ್ದರು?

ಗಡಿಯಾರ ಎಂಬತ್ತು ಮುಟ್ಟುವ ಹೊತ್ತಿಗೆ ಜಪಾನ್ ಎದುರಾಳಿಯ ಗೆರೆಯ ಮುಂದೆ ಠಿಕಾಣಿ ಹೂಡಿತ್ತು. ದಕ್ಷಿಣ ಆಫ್ರಿಕಾದ ಒಬ್ಬ ಪ್ರಾಪ್ ಹಳದಿ ಕಾರ್ಡ್ ತಿಂದು ಹೊರಗೆ. ಜಪಾನಿಗೆ ಪೆನಾಲ್ಟಿ. ಒದ್ದರೆ 32-32, ಡ್ರಾ. ಮೇಲೆ ಕೂತಿದ್ದ ಜೋನ್ಸ್ "ಮೂರು ಅಂಕ ತಗೋ" ಅಂತ ಕಿರುಚುತ್ತಿದ್ದರಂತೆ. ಸೋಲಿನ ಸಮಾಧಾನವನ್ನು ಕಿತ್ತುಹಾಕಲು ಬಂದ ಮನುಷ್ಯನೇ ಡ್ರಾ ಸಾಕು ಅಂದಿದ್ದು! ಲೀಚ್ ಸ್ಕ್ರಮ್ ಬೇಕು ಅಂದ. ಜೋನ್ಸ್ ಕೈಲಿದ್ದ ವಾಕಿಟಾಕಿಯನ್ನು ಬಿಸಾಡಿ ಒಡೆದರು ಅಂತ ಆಮೇಲೆ ಅವರೇ ಹೇಳಿಕೊಂಡಿದ್ದಾರೆ.

ಚೆಂಡು ಸ್ಕ್ರಮ್‌ನಿಂದ ಬಲಕ್ಕೆ ಹೋಯಿತು, ಅಲ್ಲಿ ಗೋಡೆ. ಅಲ್ಲಿಂದ ಎಡಕ್ಕೆ. ಅಮನಾಕಿ ಮಾಫಿ ಒಬ್ಬನನ್ನು ಕೈಯಿಂದ ತಳ್ಳಿ, ಈಗಷ್ಟೇ ಬದಲಿಯಾಗಿ ಇಳಿದಿದ್ದ ಕಾರ್ನ್ ಹೆಸ್ಕೆತ್‌ಗೆ ಚೆಂಡು ಕೊಟ್ಟ. ಎಡ ಮೂಲೆಯಲ್ಲಿ ಹೆಸ್ಕೆತ್ ಬಿದ್ದ. 34-32. ಹತ್ತಿರ ಹೋಗು, ಹರಡು, ನಿಲ್ಲಿಸಬೇಡ. ಓನಿಶಿ ಮೇಷ್ಟರ ಸೂತ್ರವೇ ಅಲ್ಲವೇ ಇದು?

ಆ ನಿರ್ಧಾರ ಸರಿಯೇ ಅಂತ ನಾನು ಬಹಳ ಸಲ ಲೆಕ್ಕ ಹಾಕಿ ನೋಡಿದ್ದೇನೆ. ನಾಲ್ಕೇ ದಿನದ ನಂತರ ದಣಿದ ಜಪಾನ್ ಸ್ಕಾಟ್ಲೆಂಡಿಗೆ 10-45ರಿಂದ ಸೋತಿತು. ಆಮೇಲೆ ಸಮೋವಾ, ಅಮೆರಿಕ ಎರಡನ್ನೂ ಗೆದ್ದಿತು. ಗುಂಪಿನ ಕೊನೆಗೆ ದಕ್ಷಿಣ ಆಫ್ರಿಕಾ 16, ಸ್ಕಾಟ್ಲೆಂಡ್ 14, ಜಪಾನ್ 12. ಮೂರು ಪಂದ್ಯ ಗೆದ್ದೂ ಕ್ವಾರ್ಟರ್ ಫೈನಲ್ ತಪ್ಪಿಸಿಕೊಂಡ ಮೊದಲ ತಂಡ. ಬ್ರೈಟನ್‌ನಲ್ಲಿ ಡ್ರಾ ಮಾಡಿಕೊಂಡಿದ್ದರೆ 10 ಆಗುತ್ತಿತ್ತು, ಸ್ಥಾನ ಅದೇ ಮೂರನೆಯದು. ಅಂದರೆ ಪಟ್ಟಿಯ ಮಟ್ಟಿಗೆ ಲೀಚ್ ತೆಗೆದುಕೊಂಡ ಅಷ್ಟು ದೊಡ್ಡ ಅಪಾಯದಿಂದ ಏನೂ ಬದಲಾಗಲಿಲ್ಲ. ಆದರೆ ಡ್ರಾ ಆಗಿದ್ದರೆ ಜಪಾನೀಯರು ಮತ್ತೊಮ್ಮೆ ಅದೇ ಸಣ್ಣ ನಗು ನಗುತ್ತಿದ್ದರು ಅಂತ ನನ್ನ ಗುಮಾನಿ. ಹಿರೋಸೆ ಆ ಟೂರ್ನಿಯ ತಂಡದಲ್ಲಿದ್ದರೂ ಒಂದು ಪಂದ್ಯಕ್ಕೂ ಮೈದಾನಕ್ಕಿಳಿಯಲಿಲ್ಲ.

2019ರಲ್ಲಿ ವಿಶ್ವಕಪ್ ಜಪಾನಿಗೇ ಬಂತು. ಐರ್ಲೆಂಡನ್ನು 19-12, ಚಂಡಮಾರುತದ ಮರುದಿನ ಸ್ಕಾಟ್ಲೆಂಡನ್ನು 28-21ರಿಂದ ಸೋಲಿಸಿ ಮೊದಲ ಬಾರಿ ಕ್ವಾರ್ಟರ್ ಫೈನಲ್. ಅಲ್ಲಿ ಸಿಕ್ಕಿದ್ದು ಮತ್ತೆ ದಕ್ಷಿಣ ಆಫ್ರಿಕಾ. ಅವರು ನಾಲ್ಕು ವರ್ಷದಿಂದ ಬ್ರೈಟನ್ನನ್ನು ಮರೆತಿರಲಿಲ್ಲ. ಸೆಪ್ಟೆಂಬರ್‌ನ ಅಭ್ಯಾಸ ಪಂದ್ಯದಲ್ಲೇ 41-7 ಬಾರಿಸಿದ್ದರು. ಅಕ್ಟೋಬರ್ 20ರಂದು ಟೋಕಿಯೋದಲ್ಲಿ ಅರ್ಧ ಪಂದ್ಯದವರೆಗೆ 5-3, ಕ್ರೀಡಾಂಗಣ ಉಸಿರು ಬಿಗಿಹಿಡಿದಿತ್ತು. ದ್ವಿತೀಯಾರ್ಧದಲ್ಲಿ ಅವರ ಫಾರ್ವರ್ಡ್‌ಗಳು ಒಂದು ಮುದ್ದೆಯಾಗಿ ಜಪಾನನ್ನು ಮೈದಾನದ ಉದ್ದಕ್ಕೂ ತಳ್ಳಿಕೊಂಡು ಹೋದರು, ರಸ್ತೆ ರೋಲರ್ ಹೋದ ಹಾಗೆ. ಯಾವ ಟ್ಯಾಕಲ್ಲೂ ಅದಕ್ಕೆ ಸಾಲಲಿಲ್ಲ. 26-3. ಎರಡು ವಾರದ ನಂತರ ಅದೇ ದಕ್ಷಿಣ ಆಫ್ರಿಕಾ ಫೈನಲ್‌ನಲ್ಲಿ ಇಂಗ್ಲೆಂಡನ್ನು 32-12ರಿಂದ ಸೋಲಿಸಿ ಕಪ್ ಎತ್ತಿತು. ಅವತ್ತು ಇಂಗ್ಲೆಂಡಿನ ಕೋಚ್ ಯಾರು ಗೊತ್ತೇ? ಎಡ್ಡಿ ಜೋನ್ಸ್.